ಮನೆಗೆ ಮರಳುವ ಆಟ, ಬರೆಯುವ ಹೆಣ್ಣುಮಕ್ಕಳು

ಪ್ರತಿ ವರ್ಷ ಮಾರ್ಚ್ ಕೊನೆಗೆ, ನಮ್ಮಲ್ಲಿ ಉಪ್ಪಿನಕಾಯಿಯ ಮಾವಿನಮಿಡಿಗೆ ಹುಡುಕಾಟ ನಡೆದಿರುವ ಹೊತ್ತಿಗೆ, ಅಮೆರಿಕದಲ್ಲಿ ಬೇಸ್‌ಬಾಲ್ ಋತು ಆರಂಭವಾಗುತ್ತದೆ. ಅದರ ಬೆನ್ನಿಗೇ ಬೇಸ್‌ಬಾಲ್ ಪುಸ್ತಕಗಳೂ ಬರುತ್ತವೆ. ಆಟಗಾರರ ಜೀವನಚರಿತ್ರೆ, ಹಳೆಯ ಪಂದ್ಯಗಳ ಕಥೆ, ಅಂಕಿಸಂಖ್ಯೆಯ ಲೆಕ್ಕಾಚಾರ, ಆಗೊಂದು ಈಗೊಂದು ಕಾದಂಬರಿ. ಅಲ್ಲಿನ ಪ್ರಕಾಶಕರಿಗೆ ಅದೊಂದು ಸುಗ್ಗಿ. ಈ ಸುಗ್ಗಿಯಲ್ಲಿ ಯಾವ ಹೊಸ ಪುಸ್ತಕ ಬಂತು, ಬರೆದವರು ಯಾರು, ಅವರದೇ ಹಿಂದಿನ ಪುಸ್ತಕಕ್ಕಿಂತ ಇದು ಮೇಲೋ ಕೆಳಗೋ ಎಂದು ನೋಡುವ ಚಟ ನನಗೆ ಅಂಟಿಕೊಂಡು ಎಷ್ಟೋ ವರ್ಷಗಳಾದವು.

"ಆಡಿದ ಆಟವಲ್ಲ, ನಮ್ಮೂರಿನದೂ ಅಲ್ಲ. ನಿನಗ್ಯಾಕೆ ಬೇಕಿತ್ತೇ ಮಾರಾಯ್ತಿ?" ಎಂದು ಗೆಳತಿಯರು ನಗುತ್ತಾರೆ. ಮಗಳ ಬಾಣಂತನಕ್ಕೆಂದು ಹೋಗಿ ಅಲ್ಲಿ ಉಳಿದಿದ್ದಾಗ, ಮಗು ಮಲಗಿದ ಹೊತ್ತಿನಲ್ಲಿ ಓದಲೆಂದು ಊರಿನ ಲೈಬ್ರರಿಯಿಂದ ಕೈಗೆ ಸಿಕ್ಕಿದ್ದನ್ನು ತರುತ್ತಿದ್ದೆ. ಹಾಗೆ ಬಂದ ರುಚಿ ಇದು. ಈಗ ಅಲ್ಲಿಂದ ಯಾರೇ ಬರಲಿ, ಅವರ ಪೆಟ್ಟಿಗೆಯಲ್ಲಿ ಚಾಕೊಲೇಟಿನ ಜೊತೆಗೆ ನನಗೊಂದು ಪುಸ್ತಕ ಇರಲೇಬೇಕು. ಊಟದ ರುಚಿ ಹೇಳಲು ಅಡುಗೆಭಟ್ಟರೇ ಆಗಬೇಕೆಂದಿಲ್ಲವಲ್ಲ!

ಆಟ ಗೊತ್ತಿಲ್ಲದವರಿಗಾಗಿ ಎರಡು ಮಾತು. ಬೇಸ್‌ಬಾಲ್ ನಮ್ಮ ಕ್ರಿಕೆಟ್ಟಿನ ದಾಯಾದಿ. ಒಬ್ಬ ಚೆಂಡೆಸೆಯುತ್ತಾನೆ, ಇನ್ನೊಬ್ಬ ಹೊಡೆಯುತ್ತಾನೆ. ಹೊಡೆದವನು ಮೂರು ಠಾಣೆಗಳನ್ನು ಸುತ್ತಿ, ಹೊರಟ ಜಾಗಕ್ಕೇ ಮರಳಿ ಬಂದರೆ ಒಂದು ಓಟ. ಆ ಹೊರಟ ಜಾಗಕ್ಕೆ ಅವರು ಇಟ್ಟ ಹೆಸರು 'ಹೋಮ್', ಮನೆ. ಹತ್ತು ಸಲದಲ್ಲಿ ಮೂರು ಸಲ ಸರಿಯಾಗಿ ಹೊಡೆದವನು ಅಲ್ಲಿ ದೊಡ್ಡ ಆಟಗಾರ. ಏಳು ಸಲ ಸೋತರೂ ಮೆಚ್ಚಿಕೊಳ್ಳುವ ಆಟ! ಒಂದು ಋತುವಿನಲ್ಲಿ ಒಂದೊಂದು ತಂಡ 162 ಪಂದ್ಯ ಆಡುತ್ತದೆ. ಅಂದರೆ ನಿತ್ಯದ ಅಡುಗೆಯಂತೆ ಹೆಚ್ಚುಕಡಿಮೆ ದಿನಾ ಇದ್ದದ್ದೇ. 2023ರಲ್ಲಿ ಚೆಂಡೆಸೆಯುವವನಿಗೆ ಇಷ್ಟೇ ಸೆಕೆಂಡು ಎಂದು ಕಟ್ಟು ಹಾಕುವವರೆಗೂ ಈ ಆಟಕ್ಕೆ ಗಡಿಯಾರದ ಹಂಗೇ ಇರಲಿಲ್ಲ. ಎರಡು ಎಸೆತಗಳ ನಡುವೆ ಹರಟಲು, ಹಳೆಯದನ್ನು ನೆನೆಯಲು ಬೇಕಾದಷ್ಟು ಹೊತ್ತು. ಇಷ್ಟೊಂದು ಪುಸ್ತಕ ಹುಟ್ಟಿದ್ದು ಆ ಬಿಡುವಿನಲ್ಲೇ ಎಂದು ನನ್ನ ಅನಿಸಿಕೆ.

ಈ ಬಗೆಯ ಬರಹಕ್ಕೆ ಹಿರಿಯರು ಇದ್ದಾರೆ. 'ದಿ ನ್ಯೂಯಾರ್ಕರ್' ಪತ್ರಿಕೆಯಲ್ಲಿ ಕಥೆಗಳನ್ನು ಆರಿಸುವ ಸಂಪಾದಕರಾಗಿದ್ದ ರೋಜರ್ ಏಂಜೆಲ್ 1962ರಿಂದ ಬೇಸ್‌ಬಾಲ್ ಬಗ್ಗೆ ಬರೆಯತೊಡಗಿದರು. 'ದಿ ಸಮ್ಮರ್ ಗೇಮ್' 1972ರಲ್ಲಿ ಬಂತು. ತಾನು ಪಂಡಿತ ಎಂದು ಅವರು ತೋರಿಸಿಕೊಳ್ಳುವುದಿಲ್ಲ. ಪ್ರೇಕ್ಷಕರ ನಡುವೆ ಕೂತು, ಪಕ್ಕದವರ ಗೊಣಗಾಟ ಕೇಳಿಸಿಕೊಳ್ಳುತ್ತ ಬರೆಯುತ್ತಾರೆ. 2022ರಲ್ಲಿ, 101ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅದೇ 1972ರಲ್ಲಿ ಬಂದ ರೋಜರ್ ಕಾನ್ ಅವರ 'ದಿ ಬಾಯ್ಸ್ ಆಫ್ ಸಮ್ಮರ್' ಇನ್ನೊಂದು ಬಗೆ. ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದ ಡಾಡ್ಜರ್ಸ್ ತಂಡದ ಆಟಗಾರರನ್ನು, ಅವರು ಆಟ ಬಿಟ್ಟ ಎಷ್ಟೋ ವರ್ಷಗಳ ನಂತರ, ಒಬ್ಬೊಬ್ಬರನ್ನಾಗಿ ಹುಡುಕಿಕೊಂಡು ಹೋಗುತ್ತಾರೆ. ಒಬ್ಬ ಕಟ್ಟಡದಲ್ಲಿ ಲಿಫ್ಟ್ ಕೂರಿಸುವ ಕೆಲಸದಲ್ಲಿದ್ದಾನೆ. 1947ರಲ್ಲಿ ಬಿಳಿಯರ ಲೀಗಿನ ಬಾಗಿಲನ್ನು ಕರಿಯರಿಗೆ ತೆರೆದ ಜಾಕಿ ರಾಬಿನ್ಸನ್, ಮಗನನ್ನು ಕಳೆದುಕೊಂಡ ತಂದೆಯಾಗಿ ಎದುರಾಗುತ್ತಾರೆ. ಚಪ್ಪಾಳೆ ನಿಂತ ಮೇಲೆ ಮನುಷ್ಯ ಹೇಗೆ ಬದುಕುತ್ತಾನೆ ಎಂಬುದೇ ಅಲ್ಲಿನ ಕಥೆ.

ಈ ಇಬ್ಬರ ನಂತರ ಬಂದವರಲ್ಲಿ ಬಹಳ ಮಂದಿ ಎರಡೇ ದಾರಿ ತುಳಿಯುತ್ತಾರೆ ಎಂಬುದು ನನ್ನ ದೂರು. ಒಂದು, ಅಪ್ಪ-ಮಗನ ದಾರಿ. ಅಪ್ಪ ಮಗನನ್ನು ಮೊದಲ ಸಲ ಮೈದಾನಕ್ಕೆ ಕರೆದೊಯ್ದ, ಹಸಿರು ಹುಲ್ಲು ಕಂಡು ಮಗ ಬೆರಗಾದ, ಅಪ್ಪ ಸತ್ತಾಗ ಅದು ನೆನಪಾಯಿತು. ಮೊದಲ ಸಲ ಓದಿದಾಗ ಕಣ್ಣಲ್ಲಿ ನೀರು ಬರುತ್ತದೆ, ಹತ್ತನೆಯ ಸಲ, "ಆಯಿತಪ್ಪಾ, ಆ ಹೊತ್ತಿಗೆ ಅಮ್ಮ ಎಲ್ಲಿದ್ದಳು?" ಎಂದು ಕೇಳುವ ಹಾಗಾಗುತ್ತದೆ. ಇನ್ನೊಂದು, ಅಂಕಿಗಳ ದಾರಿ. 2003ರಲ್ಲಿ ಬಂದ ಮೈಕೆಲ್ ಲೂಯಿಸ್ ಅವರ 'ಮನಿಬಾಲ್' ಅದನ್ನು ರಾಜಮಾರ್ಗ ಮಾಡಿತು. ದುಡ್ಡಿಲ್ಲದ ಓಕ್ಲೆಂಡ್ ತಂಡ, ಬೇರೆಯವರು ಬೇಡವೆಂದ ಆಟಗಾರರನ್ನು ಲೆಕ್ಕ ಹಾಕಿ ಆರಿಸಿಕೊಂಡು 2002ರಲ್ಲಿ ಸತತ 20 ಪಂದ್ಯ ಗೆದ್ದ ಕಥೆ. ಒಳ್ಳೆಯ ಪುಸ್ತಕವೇ. ಮೊಣಕೈ ಕೆಟ್ಟು ಹಳೆಯ ಜಾಗದಲ್ಲಿ ನಿಲ್ಲಲಾಗದ ಸ್ಕಾಟ್ ಹ್ಯಾಟೆಬರ್ಗ್ ಎಂಬಾತನಿಗೆ ಹೊಸ ಜಾಗ ಕಲಿಸುವ ಭಾಗ ನನಗೆ ಬಹಳ ಇಷ್ಟ. ಲೂಯಿಸ್ ಅಂಕಿಯ ಹಿಂದೆ ಮನುಷ್ಯನನ್ನು ಕಂಡರು. ಅವರ ಹಿಂದೆ ಬಂದವರಲ್ಲಿ ಅನೇಕರಿಗೆ ಅಂಕಿ ಮಾತ್ರ ಕಂಡಿತು. ಆ ಓಕ್ಲೆಂಡ್ ತಂಡವಂತೂ 2024ರ ಋತು ಮುಗಿಸಿ ಊರನ್ನೇ ಬಿಟ್ಟು ಹೋಯಿತು. ಲೆಕ್ಕ ಸರಿಯಿದ್ದರೆ ಸಾಲದು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕೆ?

ಹೀಗೆ ಬೇಸತ್ತು ಕೂತಿದ್ದಾಗ ಸಿಕ್ಕಿದ್ದು ಡೋರಿಸ್ ಕರ್ನ್ಸ್ ಗುಡ್ವಿನ್ ಅವರ 'ವೆಯ್ಟ್ ಟಿಲ್ ನೆಕ್ಸ್ಟ್ ಇಯರ್'. 1997ರ ಪುಸ್ತಕ. ಗುಡ್ವಿನ್ ಅಮೆರಿಕದ ಅಧ್ಯಕ್ಷರುಗಳ ಚರಿತ್ರೆ ಬರೆದು ಹೆಸರಾದವರು. ಇಲ್ಲಿ ಮಾತ್ರ ತಮ್ಮ ಬಾಲ್ಯ ಬರೆದಿದ್ದಾರೆ. ಆರು ವರ್ಷದ ಹುಡುಗಿಗೆ ಅಪ್ಪ ಒಂದು ಕೆಂಪು ಪುಸ್ತಕ ಕೊಟ್ಟು, ಪಂದ್ಯದ ಒಂದೊಂದು ಹೊಡೆತವನ್ನೂ ಗುರುತು ಹಾಕಿಕೊಳ್ಳುವುದು ಕಲಿಸುತ್ತಾರೆ. ಅಪ್ಪ ಕೆಲಸದಲ್ಲಿದ್ದಾಗ ಮಗಳು ರೇಡಿಯೊ ಕೇಳಿ ಬರೆದಿಡಬೇಕು; ಸಂಜೆ ಅಪ್ಪ ಬಂದ ಮೇಲೆ ಇಡೀ ಪಂದ್ಯವನ್ನು ಕಥೆ ಮಾಡಿ ಹೇಳಬೇಕು. ಮರುದಿನದ ಪತ್ರಿಕೆಯಲ್ಲಿ ಅದೆಲ್ಲ ಅಚ್ಚಾಗುತ್ತದೆ ಎಂಬ ಗುಟ್ಟನ್ನು ಅಪ್ಪ ಬಿಟ್ಟುಕೊಡಲೇ ಇಲ್ಲ. ತಾನು ಹೇಳದಿದ್ದರೆ ಅಪ್ಪನಿಗೆ ಗೊತ್ತೇ ಆಗುವುದಿಲ್ಲ ಎಂದು ನಂಬಿದ ಹುಡುಗಿ ಅಲ್ಲೇ ಚರಿತ್ರೆ ಬರೆಯಲು ಕಲಿತಳು.

ನಮ್ಮ ಮನೆಯ ರೇಡಿಯೊ ಪಡಸಾಲೆಯಲ್ಲಿತ್ತು. ಕ್ರಿಕೆಟ್ ಕಾಮೆಂಟರಿಗೆ ಅಪ್ಪ, ಅಣ್ಣಂದಿರು ಅದರ ಸುತ್ತ ಕೂರುತ್ತಿದ್ದರು. ನಾನು ಒಳಗೆ ಕಾಫಿ ಸೋಸುತ್ತ ಅರ್ಧ ಕೇಳಿಸಿಕೊಂಡು, ಉಳಿದರ್ಧವನ್ನು ಅವರ ಕೂಗಿನಿಂದ ಊಹಿಸುತ್ತಿದ್ದೆ. ಸ್ಕೋರು ಎಷ್ಟೆಂದು ನನ್ನನ್ನು ಯಾರೂ ಕೇಳಲಿಲ್ಲ. ನಿಮ್ಮಲ್ಲಿ ಎಷ್ಟೋ ಜನರ ಮನೆಯೂ ಹಾಗೇ ಇದ್ದಿರಬಹುದು. ಮಗಳನ್ನು ಕರೆದು "ಹೇಳು, ಆಮೇಲೇನಾಯಿತು?" ಎಂದು ಕೇಳಿದ ಒಬ್ಬ ಅಪ್ಪ ಎಷ್ಟು ದೊಡ್ಡ ಕೆಲಸ ಮಾಡಿದರೆಂಬುದು ನಮಗೆ ಬೇಗ ತಿಳಿಯುತ್ತದೆ.

ಗುಡ್ವಿನ್ ಅವರ ಪುಸ್ತಕ ಅಪ್ಪನಲ್ಲೇ ನಿಲ್ಲುವುದಿಲ್ಲ. ಕಾಯಿಲೆಯ ಅಮ್ಮ ಮನೆಯಲ್ಲಿ ಕೂತು ಮಗಳಿಗೆ ಪುಸ್ತಕದ ಲೋಕ ತೆರೆಯುತ್ತಾರೆ. ಎದುರು ತಂಡದವರ ಕೈಕಾಲು ಮುರಿಯಲಿ ಎಂದು ಬಯಸಿದೆ ಎಂದು ಪುಟ್ಟ ಹುಡುಗಿ ಪಾದ್ರಿಯ ಮುಂದೆ ಪಾಪನಿವೇದನೆ ಮಾಡುವ ಭಾಗಕ್ಕೆ ನಗದವರು ಇರಲಾರರು. ಡಾಡ್ಜರ್ಸ್ 1955ರಲ್ಲಿ ಮೊದಲ ಸಲ ವಿಶ್ವ ಸರಣಿ ಗೆಲ್ಲುತ್ತದೆ. 1957ರ ನಂತರ ತಂಡ ಬ್ರೂಕ್ಲಿನ್ ಬಿಟ್ಟು ಲಾಸ್ ಏಂಜಲೀಸಿಗೆ ಹೋಗುತ್ತದೆ. ಅದೇ ಸುಮಾರಿಗೆ ಅಮ್ಮನೂ ಇಲ್ಲವಾಗುತ್ತಾರೆ. ಎರಡು ನಷ್ಟಗಳನ್ನು ಒಂದೇ ತಕ್ಕಡಿಯಲ್ಲಿ ತೂಗದೆ, ಅಕ್ಕಪಕ್ಕ ಇಟ್ಟು ಸುಮ್ಮನಾಗುತ್ತಾರೆ. ಬಾಲ್ಯದ ಬೀದಿಯನ್ನು ಕೊಂಚ ಹೆಚ್ಚೇ ಸಿಹಿಯಾಗಿ ನೆನೆಯುತ್ತಾರೆ ಎಂಬ ಆಕ್ಷೇಪ ನನಗಿದೆ. ಆದರೆ ಪುಸ್ತಕದ ಹದ ಕೆಡುವಷ್ಟಲ್ಲ.

ಜೇನ್ ಲೀವಿ ಬೇರೆ ಜಾತಿಯ ಲೇಖಕಿ. 'ವಾಷಿಂಗ್ಟನ್ ಪೋಸ್ಟ್' ಪತ್ರಿಕೆಯಲ್ಲಿ ಕ್ರೀಡಾ ವರದಿಗಾರ್ತಿಯಾಗಿದ್ದವರು. 2002ರಲ್ಲಿ ಸ್ಯಾಂಡಿ ಕೂಫ್ಯಾಕ್ಸ್ ಎಂಬ ಎಡಗೈ ಎಸೆತಗಾರನ ಬಗ್ಗೆ ಬರೆದರು. ಯಹೂದ್ಯರ ಪವಿತ್ರ ದಿನವೆಂದು 1965ರ ವಿಶ್ವ ಸರಣಿಯ ಮೊದಲ ಪಂದ್ಯ ಆಡಲೊಲ್ಲೆ ಎಂದವನು ಆತ. ತನ್ನ ಬಗ್ಗೆ ಮಾತೇ ಆಡದ ಮನುಷ್ಯನ ಚರಿತ್ರೆಯನ್ನು, ಅದೇ ವರ್ಷದ ಒಂದು ಪಂದ್ಯದ ಸುತ್ತ ಲೀವಿ ಹೆಣೆದ ರೀತಿ ಸೊಗಸು. 2010ರಲ್ಲಿ ಬಂದ 'ದಿ ಲಾಸ್ಟ್ ಬಾಯ್' ಇನ್ನೂ ಕಷ್ಟದ ಪುಸ್ತಕ. ಮಿಕ್ಕಿ ಮ್ಯಾಂಟಲ್ ಲೀವಿಯ ಬಾಲ್ಯದ ಆರಾಧ್ಯದೈವ. 1983ರಲ್ಲಿ ಸಂದರ್ಶನಕ್ಕೆಂದು ಹೋದಾಗ ಆ ದೈವ ಕುಡಿದು ಅವರ ಜೊತೆಯೇ ಕೆಟ್ಟದಾಗಿ ನಡೆದುಕೊಳ್ಳುತ್ತಾನೆ. ಬೇರೆಯವರಾಗಿದ್ದರೆ ಅದನ್ನು ಮುಚ್ಚಿಡುತ್ತಿದ್ದರು, ಇಲ್ಲವೇ ಬರೀ ಅದನ್ನೇ ಬರೆಯುತ್ತಿದ್ದರು. ಲೀವಿ ಅದನ್ನೂ ಬರೆದು, ಅವನ ಆಟದ ಚೆಲುವನ್ನೂ ಬರೆದು, ಅವನ ನೋವಿನ ಮೂಲವನ್ನೂ ಹುಡುಕುತ್ತಾರೆ. ಕ್ಷಮಿಸುವುದು ಬೇರೆ, ಅರ್ಥಮಾಡಿಕೊಳ್ಳುವುದು ಬೇರೆ ಎಂಬ ವಿವೇಕ ಅದರಲ್ಲಿದೆ. 2018ರಲ್ಲಿ ಬೇಬ್ ರೂತ್ ಬಗ್ಗೆ ಬಂದ 'ದಿ ಬಿಗ್ ಫೆಲಾ' ದಪ್ಪ ಪುಸ್ತಕ. ಸಾಮಗ್ರಿ ಹೆಚ್ಚಾಗಿ ನಡುವೆ ತುಸು ಎಳೆಯುತ್ತದೆ. ಆದರೂ ಲೀವಿಯ ಹೊಸ ಪುಸ್ತಕವೆಂದರೆ ನಾನು ಹಿಂದೆಮುಂದೆ ನೋಡುವುದಿಲ್ಲ.

ಇನ್ನೊಂದು ಜೋಡಿ ಇದೆ, ಒಟ್ಟಿಗೇ ಓದಬೇಕಾದದ್ದು. 1970ರಲ್ಲಿ ಜಿಮ್ ಬೌಟನ್ ಎಂಬ ಎಸೆತಗಾರ 'ಬಾಲ್ ಫೋರ್' ಎಂಬ ದಿನಚರಿ ಪ್ರಕಟಿಸಿದ. ಆಟಗಾರರ ಕುಡಿತ, ನುಂಗುವ ಮಾತ್ರೆ, ಹೆಂಗಸರನ್ನು ಕದ್ದು ನೋಡುವ ಚಾಳಿ ಎಲ್ಲವೂ ಅದರಲ್ಲಿ ಬಯಲಾಯಿತು. ಆಗ ಬೇಸ್‌ಬಾಲ್ ಕಮಿಷನರ್ ಆಗಿದ್ದ ಬೋವಿ ಕ್ಯೂನ್ ಲೇಖಕನನ್ನು ಕರೆಸಿ, ಬರೆದದ್ದು ಸುಳ್ಳೆಂದು ಸಹಿ ಮಾಡಿಸಲು ನೋಡಿದರು. ಬೌಟನ್ ಒಪ್ಪಲಿಲ್ಲ. ಧೈರ್ಯದ ಪುಸ್ತಕ, ನಗು ಉಕ್ಕಿಸುವ ಪುಸ್ತಕ. ಆದರೆ ಆ ನಗುವಿನ ಬಿಲ್ಲು ತೆತ್ತವರು ಯಾರು? 1983ರಲ್ಲಿ ಬೌಟನ್‌ನ ಮೊದಲ ಹೆಂಡತಿ ಬಾಬಿ ಬೌಟನ್, ಇನ್ನೊಬ್ಬ ಆಟಗಾರನ ಹೆಂಡತಿಯಾಗಿದ್ದ ನ್ಯಾನ್ಸಿ ಮಾರ್ಷಲ್ ಜೊತೆ ಸೇರಿ 'ಹೋಮ್ ಗೇಮ್ಸ್' ಬರೆದರು. ಗಂಡ ಊರೂರು ಅಲೆಯುವಾಗ ಮಕ್ಕಳನ್ನು ಕಟ್ಟಿಕೊಂಡು ಮನೆ ನಡೆಸಿದವರ ಮಾತು ಅದು. 'ಬಾಲ್ ಫೋರ್' ಇಂದಿಗೂ ಅಂಗಡಿಯಲ್ಲಿದೆ, ದೊಡ್ಡ ಪುಸ್ತಕಗಳ ಪಟ್ಟಿಯಲ್ಲಿದೆ. 'ಹೋಮ್ ಗೇಮ್ಸ್' ಹೆಸರೆತ್ತುವವರು ಕಡಿಮೆ. ಭಾಷೆಯ ಚುರುಕಿನಲ್ಲಿ ಮೊದಲನೆಯದು ಮುಂದಿದೆ, ನಿಜ. ಆದರೆ ಎರಡನೆಯದನ್ನು ಓದದೆ ಮೊದಲನೆಯದರ ಸತ್ಯ ಪೂರ್ತಿಯಾಗುವುದಿಲ್ಲ.

ಅದೇ ಬೋವಿ ಕ್ಯೂನ್ 2024ರಲ್ಲಿ ಬಂದ ಮೆಲಿಸ್ಸಾ ಲುಡ್ಕಿ ಅವರ 'ಲಾಕರ್ ರೂಮ್ ಟಾಕ್' ಪುಸ್ತಕದಲ್ಲಿ ಮತ್ತೆ ಎದುರಾಗುತ್ತಾರೆ. 1977ರಲ್ಲಿ ಲುಡ್ಕಿ 'ಸ್ಪೋರ್ಟ್ಸ್ ಇಲಸ್ಟ್ರೇಟೆಡ್' ಪತ್ರಿಕೆಯ ಯುವ ವರದಿಗಾರ್ತಿ. ಪಂದ್ಯ ಮುಗಿದ ಮೇಲೆ ಗಂಡು ವರದಿಗಾರರೆಲ್ಲ ಆಟಗಾರರ ಕೋಣೆಗೆ ಹೋಗಿ ಮಾತಾಡಿಸುತ್ತಾರೆ. ಇವರೊಬ್ಬರು ಹೊರಗೆ ನಿಲ್ಲಬೇಕು. ಒಳಗೆ ಆಡಿದ ಮಾತು ಸಿಗದೆ ವರದಿ ಬರೆಯುವುದಾದರೂ ಹೇಗೆ? ಪತ್ರಿಕೆಯ ಸಂಸ್ಥೆ ಮೊಕದ್ದಮೆ ಹೂಡಿತು. 1978ರ ಸೆಪ್ಟೆಂಬರಿನಲ್ಲಿ ನ್ಯಾಯಾಧೀಶೆ ಕಾನ್‌ಸ್ಟನ್ಸ್ ಬೇಕರ್ ಮೋಟ್ಲಿ ಅವರು, ನ್ಯೂಯಾರ್ಕ್ ನಗರದ ಒಡೆತನದ ಆ ಕ್ರೀಡಾಂಗಣದಲ್ಲಿ ಹೆಣ್ಣೆಂಬ ಕಾರಣಕ್ಕೆ ಹೊರಗಿಡುವಂತಿಲ್ಲ ಎಂದು ತೀರ್ಪಿತ್ತರು. ಅಮೆರಿಕದ ಫೆಡರಲ್ ನ್ಯಾಯಪೀಠವೇರಿದ ಮೊದಲ ಕಪ್ಪು ಮಹಿಳೆ ಅವರು. ಕೋರ್ಟಿನ ವಾದಗಳು ಪುಸ್ತಕದಲ್ಲಿ ಉದ್ದವಾಯಿತು ಎನ್ನಿಸಿತು. ಆದರೆ ಕೇಸು ಗೆದ್ದರೂ ಜನ "ಇವಳಿಗೆ ಗಂಡಸರ ಬಟ್ಟೆ ಬದಲಿಸುವ ಕೋಣೆಯಲ್ಲೇನು ಕೆಲಸ?" ಎಂದು ಆಡಿಕೊಂಡದ್ದನ್ನು, ಅದು ಒಳಗೆ ಎಷ್ಟು ಕೊರೆಯಿತೆಂಬುದನ್ನು ಲುಡ್ಕಿ ಬಿಚ್ಚಿಟ್ಟಾಗ ಕಾನೂನು ಮರೆತು ಮನುಷ್ಯಳು ಕಾಣುತ್ತಾಳೆ. ಅವರು ಕೇಳಿದ್ದು ಕೋಣೆಯನ್ನಲ್ಲ, ತಮ್ಮ ಕೆಲಸವನ್ನು.

ಈ ಪುಸ್ತಕಗಳನ್ನು ಹೆಂಗಸರು ಬರೆದರು ಎಂಬ ಕಾರಣಕ್ಕೇ ನಾನು ಮೆಚ್ಚುತ್ತಿಲ್ಲ. ಗಂಡಸರ ಪುಸ್ತಕಗಳಲ್ಲಿ ಆಟ ನಡೆಯುವುದು ಮೈದಾನದಲ್ಲಿ. ಇವುಗಳಲ್ಲಿ ಅದು ರೇಡಿಯೊ ಇರುವ ಕೋಣೆಯಲ್ಲೂ, ಮಕ್ಕಳ ಹಾಸಿಗೆಯ ಬಳಿಯೂ, ಮುಚ್ಚಿದ ಬಾಗಿಲಿನ ಹೊರಗೂ ನಡೆಯುತ್ತದೆ. ಹೊರಟ ಮನೆಗೇ ಮರಳುವುದನ್ನು ಗೆಲುವೆಂದು ಎಣಿಸುವ ಆಟಕ್ಕೆ, ಆ ಮನೆಯಲ್ಲಿ ಇದ್ದವರ ಕಣ್ಣೂ ಬೇಕಲ್ಲವೆ?

ಮೊದಲು ಯಾವುದನ್ನು ಓದಲಿ ಎಂದು ಕೇಳುವವರಿಗೆ ನಾನು ಗುಡ್ವಿನ್ ಹೆಸರು ಹೇಳುತ್ತೇನೆ. ಆಟದ ನಿಯಮ ಒಂದೂ ತಿಳಿಯದಿದ್ದರೂ ಅಡ್ಡಿಯಿಲ್ಲ. ಓದಿ ಮುಗಿಸಿದ ಮೇಲೆ ಮನೆಯ ಹುಡುಗಿ ಶಾಲೆಯಿಂದ ಬಂದು ತನ್ನ ಕಬಡ್ಡಿಯದೋ ಥ್ರೋಬಾಲಿನದೋ ಕಥೆ ತೆಗೆದರೆ, ಒಲೆ ಸಣ್ಣಗೆ ಮಾಡಿ, "ಆಮೇಲೇನಾಯಿತು?" ಎಂದು ಕೇಳಿ.