ಮಾತನ್ನು ಆರಿಸಿದವರು ಯಾರು?

ಬರವಣಿಗೆಗೆ ಹೊಸ ಉಪಕರಣವೊಂದು ಒದಗಿದಾಗಲೆಲ್ಲ ಬಲ್ಲವರು ಎರಡು ಪಂಗಡಗಳಾಗುವುದು ಲೋಕದ ರೂಢಿ. ಒಂದು ಪಂಗಡದವರು ಅದನ್ನು ಸರಸ್ವತಿಯ ಹೊಸ ವೀಣೆಯೆಂದು ಕೊಂಡಾಡುವರು. ಮತ್ತೊಂದು ಪಂಗಡದವರು ಅದರಿಂದ ವಿದ್ಯೆಯೇ ಕೆಟ್ಟಿತೆಂದು ನಿಟ್ಟುಸಿರಿಡುವರು. ಈಗ ನಮ್ಮ ಮನೆಗಳಲ್ಲಿ ನಡೆಯುತ್ತಿರುವ ಮಾತೂ ಇದೇ. ಹುಲ್ಲಹಳ್ಳಿಯಲ್ಲಿ ಬಸ್ಸು ಹತ್ತಿ ನಂಜನಗೂಡಿಗೋ ಮೈಸೂರಿಗೋ ಕಾಲೇಜಿಗೆ ಹೋಗುವ ವಿದ್ಯಾರ್ಥಿಯ ಕೈಯಲ್ಲಿ ಮೊಬೈಲಿದೆ. ಅದರಲ್ಲಿ ಕನ್ನಡವನ್ನು ಒತ್ತಿ ಬರೆಯಬಹುದು. ಬಾಯಲ್ಲಿ ಹೇಳಿ ಬರೆಯಿಸಬಹುದು. ಇಂಗ್ಲಿಷಿನಿಂದ ಕನ್ನಡಕ್ಕೆ ತರಿಸಿಕೊಳ್ಳಬಹುದು. ವಿಷಯವನ್ನು ಸೂಚಿಸಿ ಇಡೀ ಪ್ರಬಂಧವನ್ನೇ ಹೊರಡಿಸಲೂಬಹುದು. ಇವೆಲ್ಲವನ್ನೂ ವಿದ್ಯಾರ್ಥಿಗಳು ಪ್ರಯೋಗಮಾಡಿ ನೋಡುತ್ತಿರುವರು. ಅವರನ್ನು ಹೊಗಳುವುದಾಗಲಿ ತೆಗಳುವುದಾಗಲಿ ವಿಮರ್ಶೆಯಲ್ಲ. ಬರೆಹವನ್ನು ಕೈಗೆ ತೆಗೆದುಕೊಂಡು, ಅದರೊಳಗಿನ ಮಾತನ್ನು ಆರಿಸಿದವರು ಯಾರೆಂದು ಕೇಳುವುದು ವಿಮರ್ಶೆ. ಈ ಲೇಖನದಲ್ಲಿ ಆ ಒಂದು ಪ್ರಶ್ನೆಯನ್ನೇ ಹಿಡಿದು ನಡೆಯಲು ಉದ್ದೇಶಿಸಿದೆ.

ಉಪಕರಣವು ಬರೆಹದ ಮೇಲೆ ತನ್ನ ಗುರುತನ್ನು ಬಿಡದೆ ಹೋಗುವುದಿಲ್ಲವೆಂಬುದು ಹೊಸ ಸಂಗತಿಯಲ್ಲ. 1817ರಲ್ಲಿ ವಿಲಿಯಂ ಕೇರಿಯವರ ಕನ್ನಡ ವ್ಯಾಕರಣವು ದೂರದ ಬಂಗಾಳದ ಶ್ರೀರಾಂಪುರದಲ್ಲಿ ಅಚ್ಚಾಯಿತು. 1843ರಲ್ಲಿ ಹರ್ಮನ್ ಮೋಗ್ಲಿಂಗರು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದಾಗ ಅದು ಕಲ್ಲಚ್ಚಿನಲ್ಲಿ ಬಂದಿತು. ಗುಣಿತವೂ ಒತ್ತಕ್ಷರವೂ ಕೂಡಿದ ನಮ್ಮ ಲಿಪಿಗೆ ಸೀಸದ ಮೊಳೆಗಳನ್ನು ಎರಕಹೊಯ್ಯುವುದು ಸುಲಭದ ಕೆಲಸವಾಗಿರಲಿಲ್ಲ. ಮುಂದೆ ಅನಂತಸುಬ್ಬರಾಯರು ಕನ್ನಡ ಬೆರಳಚ್ಚು ಯಂತ್ರದ ಕೀಲಿಮಣೆಯನ್ನು ರೂಪಿಸಿದರು. ಕೀಲಿಗಳು ಕೆಲವೇ ಹತ್ತು, ಅಕ್ಷರರೂಪಗಳು ನೂರಾರು. ಆದುದರಿಂದ ಅಕ್ಷರವೇ ಯಂತ್ರಕ್ಕೆ ಸ್ವಲ್ಪ ಬಗ್ಗಬೇಕಾಯಿತು. ಒತ್ತು ಒಂದು ಕಡೆ, ಕೊಂಬು ಒಂದು ಕಡೆ ನಿಂತ ಹಳೆಯ ಕಚೇರಿಯ ಕಾಗದಗಳನ್ನು ಕಂಡವರಿಗೆ ಇದು ಗೊತ್ತು. ಆದರೆ ಬಗ್ಗಿದುದು ಅಕ್ಷರದ ಆಕಾರ ಮಾತ್ರ. ಯಾವ ಪದವನ್ನು ಬರೆಯಬೇಕೆಂಬುದನ್ನು ಬೆರಳಚ್ಚು ಯಂತ್ರವು ಯಾರಿಗೂ ಹೇಳಿಕೊಡಲಿಲ್ಲ.

ಗಣಕಯಂತ್ರವು ಬಂದ ಮೊದಲ ದಿನಗಳಲ್ಲಿಯೂ ಹೋರಾಟವು ಅಕ್ಷರಕ್ಕಾಗಿಯೇ ನಡೆಯಿತು. ಕಿನ್ನಿಕಂಬಳ ಪದ್ಮನಾಭ ರಾಯರು, ಎಂದರೆ ಕೆ. ಪಿ. ರಾಯರು, ಕನ್ನಡ ವರ್ಣಮಾಲೆಯ ಉಚ್ಚಾರಣೆಯನ್ನೇ ಆಧಾರವಾಗಿಟ್ಟುಕೊಂಡು ಕೀಲಿಮಣೆಯನ್ನು ಯೋಜಿಸಿದರು. ವ್ಯಂಜನಕ್ಕೆ ಸ್ವರ ಸೇರಿ ಗುಣಿತವಾಗುವ ಶಾಲೆಯ ಪಾಠವೇ ಅಲ್ಲಿ ಬೆರಳಿನ ಪಾಠವಾಯಿತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ವೂ, ಅನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’ಯೂ ಮನೆಮನೆಗೆ ಬಂದುವು. ಪೂರ್ಣಚಂದ್ರ ತೇಜಸ್ವಿಯವರಂಥ ಕತೆಗಾರರು ತಮ್ಮ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶದ ವಿಚಾರವಾಗಿ ಪಟ್ಟ ಕಳವಳವನ್ನು ಬಲ್ಲವರು ಬಲ್ಲರು. ಆಗ ಒಂದು ತಂತ್ರಾಂಶದಲ್ಲಿ ಬರೆದುದು ಅದರ ಅಕ್ಷರವಿಲ್ಲದ ಮತ್ತೊಂದು ಗಣಕದಲ್ಲಿ ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿಯಾಗಿ ಕಾಣುತ್ತಿತ್ತು. ಈ ತೊಡಕನ್ನು ಬಿಡಿಸಿದುದು ಯೂನಿಕೋಡು. 1991ರಲ್ಲಿ ಹೊರಟ ಆ ಸಂಕೇತಪದ್ಧತಿಯಲ್ಲಿ ಕನ್ನಡಕ್ಕೆ 128 ಸ್ಥಾನಗಳ ಒಂದು ಮನೆ ದೊರೆತಿದೆ. ‘ಸ್ತ್ರೀ’ ಎಂಬ ಒಂದು ಅಕ್ಷರವು ಅದರಲ್ಲಿ ಸಕಾರ, ವಿರಾಮ, ತಕಾರ, ವಿರಾಮ, ರೇಫ, ಈಕಾರ ಎಂಬ ಆರು ಸಂಕೇತಗಳಾಗಿ ಕುಳಿತುಕೊಳ್ಳುವುದು. ಕೇಶಿರಾಜನ ಓದುಗರಿಗೆ ಇದು ಸಂಧಿಕಾರ್ಯದಂತೆ ತೋರಿದರೆ ಆಶ್ಚರ್ಯವಿಲ್ಲ. ಇಲ್ಲಿಯವರೆಗಿನ ಲಾಭವು ನಿರ್ವಿವಾದ: ಹಿಂದೆ ಅಚ್ಚುಕೂಟದ ಬಾಗಿಲಲ್ಲಿ ಕಾಯಬೇಕಾಗಿದ್ದ ವಿದ್ಯಾರ್ಥಿ ಈಗ ತನ್ನ ಅಂಗೈಯಲ್ಲೇ ಶುದ್ಧವಾದ ಒತ್ತಕ್ಷರವನ್ನು ಮೂಡಿಸಬಲ್ಲನು. ಇದನ್ನು ಅಲ್ಲಗಳೆಯುವವರು ಕನ್ನಡದ ಹಿತೈಷಿಗಳಲ್ಲ.

ಎರಡನೆಯ ಮಜಲು ಅನುವಾದದ್ದು. ಕನ್ನಡ ವಿಕಿಪೀಡಿಯವು 2003ರಲ್ಲಿ ಆರಂಭವಾಯಿತು. ಯಾರು ಬೇಕಾದರೂ ಬರೆಯಬಹುದಾದ ಈ ವಿಶ್ವಕೋಶಕ್ಕೆ ಅನೇಕ ವಿದ್ಯಾರ್ಥಿಗಳು ಲೇಖನಗಳನ್ನು ಕೊಟ್ಟಿರುವರು. ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದಲ್ಲಿ ಕನ್ನಡ ಓದುವವರು ಇದನ್ನು ತಮ್ಮ ವ್ಯಾಸಂಗದ ಭಾಗವಾಗಿಯೇ ಮಾಡಿದುದುಂಟು. ಪರೀಕ್ಷಕನೊಬ್ಬನು ಓದಿ ಕಟ್ಟಿಡುವ ಪ್ರಬಂಧಕ್ಕಿಂತ ನಾಡಿನವರೆಲ್ಲ ಓದಿ ತಿದ್ದಬಹುದಾದ ಬರೆಹವು ವಿದ್ಯಾರ್ಥಿಗೆ ಹೆಚ್ಚಿನ ಹೊಣೆಯನ್ನು ಕಲಿಸುವುದರಲ್ಲಿ ಸಂದೇಹವಿಲ್ಲ. ಆದರೆ ಇಂಗ್ಲಿಷ್ ಲೇಖನವನ್ನು ಮುಂದಿಟ್ಟುಕೊಂಡು, 2011ರಿಂದ ಕನ್ನಡಕ್ಕೂ ಒದಗಿರುವ ಗೂಗಲ್ ಅನುವಾದದ ನೆರವಿನಿಂದ ಬರೆಯುವಾಗ ಒಂದು ವಿಚಿತ್ರವಾದ ಕನ್ನಡ ಹುಟ್ಟುವುದುಂಟು. ‘ಈ ದೇವಾಲಯವು ಇಂಥವರಿಂದ ಕಟ್ಟಲ್ಪಟ್ಟ ಒಂದು ದೇವಾಲಯವಾಗಿದೆ’ ಎಂಬ ವಾಕ್ಯದಲ್ಲಿ ಪ್ರತಿಯೊಂದು ಪದವೂ ಕನ್ನಡವೇ. ವಾಕ್ಯ ಮಾತ್ರ ಕನ್ನಡವಲ್ಲ. ‘ಈ ಗುಡಿಯನ್ನು ಕಟ್ಟಿಸಿದವರು ಇಂಥವರು’ ಎಂದು ಕನ್ನಡಿಗನು ಹೇಳಿಯಾನು. ಇಲ್ಲಿ ಪದಗಳನ್ನು ವಿದ್ಯಾರ್ಥಿಯೇ ಇಟ್ಟಿರಬಹುದು. ಅವುಗಳ ಅನ್ವಯವನ್ನು ಆರಿಸಿದುದು ಪರಭಾಷೆ. ಅಕ್ಷರದ ಆಕಾರವನ್ನು ಬಗ್ಗಿಸುತ್ತಿದ್ದ ಯಂತ್ರವು ವಾಕ್ಯದ ಬೆನ್ನುಮೂಳೆಯವರೆಗೆ ಬಂದಿತೆಂದಾಯಿತು.

ಮೂರನೆಯ ಮಜಲು ಈಗಿನದು. 2022ರ ನವೆಂಬರಿನಲ್ಲಿ ‘ಚಾಟ್‌ಜಿಪಿಟಿ’ ಹೊರಬಂದ ಮೇಲೆ, ಕೇಳಿದುದನ್ನು ಬರೆದುಕೊಡುವ ಯಂತ್ರಗಳು ಸಾಮಾನ್ಯವಾದುವು. ಕನ್ನಡವನ್ನೂ ಅವು ಬರೆಯುವುವು. ಅವುಗಳ ಕೆಲಸದ ಮೂಲತತ್ತ್ವವನ್ನು ಗೃಹಸ್ಥರು ತಿಳಿದಿರುವುದು ಒಳ್ಳೆಯದು. ಜನರು ಈವರೆಗೆ ಬರೆದಿಟ್ಟಿರುವ ಅಪಾರವಾದ ಬರೆಹದ ರಾಶಿಯಿಂದ, ಒಂದು ಮಾತಿನ ಮುಂದೆ ಯಾವ ಮಾತು ಬರುವ ಸಂಭವ ಹೆಚ್ಚೆಂಬುದನ್ನು ಯಂತ್ರವು ಕಲಿತಿರುತ್ತದೆ. ಆ ಸಂಭವವನ್ನು ಅನುಸರಿಸಿ ತುಂಡು ತುಂಡಾಗಿ ಮುಂದೆ ಬರೆಯುತ್ತ ಹೋಗುತ್ತದೆ. ಮೊಬೈಲಿನ ಕೀಲಿಮಣೆಯ ಮೇಲೆ ಮುಂದಿನ ಪದವನ್ನು ಸೂಚಿಸುವ ಸಾಲೂ ಈ ತತ್ತ್ವದ ಕಿರಿಯ ತಮ್ಮನೇ. ಆದುದರಿಂದ ರಾಶಿಯಲ್ಲಿ ಇದ್ದುದು ಬರೆಹದಲ್ಲಿ ಬರುವುದು, ಹೆಚ್ಚಾಗಿ ಇದ್ದುದು ಮೊದಲು ಬರುವುದು, ಇಲ್ಲದುದು ಬರುವ ಸಂಭವ ಕಡಮೆ.

ಕನ್ನಡದ ರಾಶಿ ಎಷ್ಟು? 2011ರ ಜನಗಣತಿಯಂತೆ ಕನ್ನಡವನ್ನು ತಾಯ್ನುಡಿಯೆಂದು ಹೇಳಿದವರು 4.37 ಕೋಟಿ ಮಂದಿ. ಇಷ್ಟು ಜನರ ನುಡಿಗೆ ಗಣಕದಲ್ಲಿ ದೊರೆಯುವ ಬರೆಹವು ಇಂಗ್ಲಿಷಿನ ಮುಂದೆ ಬೊಗಸೆಯಷ್ಟು. ಆ ಬೊಗಸೆಯಲ್ಲಿಯೂ ಇರುವುದು ಬಹುಮಟ್ಟಿಗೆ ಪತ್ರಿಕೆಯ ಕನ್ನಡ, ಸರ್ಕಾರದ ಪ್ರಕಟನೆಯ ಕನ್ನಡ, ಈಗ ತಾನೇ ಹೇಳಿದ ಅನುವಾದದ ಕನ್ನಡ. ನಂಜನಗೂಡು ಸೀಮೆಯ ಮನೆಯಂಗಳದ ಕನ್ನಡಕ್ಕೆ ಅಲ್ಲಿ ಎಷ್ಟು ಸ್ಥಳ ದೊರೆತೀತು? ಹಕಾರ ಸಡಿಲಿ ‘ಅಳ್ಳಿ’ ಎನ್ನುವ, ‘ಬಂದವ್ನೆ’, ‘ಬತ್ತೀನಿ’ ಎನ್ನುವ ನುಡಿಯನ್ನು ಬರೆದಿಟ್ಟವರೇ ಕಡಮೆ. ಬರೆಯದೆ ಉಳಿದುದನ್ನು ಯಂತ್ರವು ಕಲಿಯುವುದೆಂತು?

ವಾದಕ್ಕೆ ಒಂದು ನಿದರ್ಶನವಿರಲಿ. ‘ನಮ್ಮ ಊರು’ ಎಂಬ ವಿಷಯವಾಗಿ ಹುಲ್ಲಹಳ್ಳಿಯ ವಿದ್ಯಾರ್ಥಿಯೊಬ್ಬನು ಎರಡು ಬಗೆಯಲ್ಲಿ ಬರೆದನೆಂದು ಭಾವಿಸೋಣ. ಮಾದರಿಗಳನ್ನು ಈ ಲೇಖಕನೇ ಕಟ್ಟಿದ್ದಾನೆ. ಇಂಥವು ಎಲ್ಲರೂ ಕಂಡಿರುವಂಥವೇ. ಮೊದಲನೆಯದು: ‘ನಮ್ಮ ಗ್ರಾಮವು ಪ್ರಕೃತಿ ಸೌಂದರ್ಯದಿಂದ ಕಂಗೊಳಿಸುವ ಸುಂದರ ಗ್ರಾಮವಾಗಿದೆ. ಇಲ್ಲಿನ ಜನರ ಮುಖ್ಯ ಕಸುಬು ವ್ಯವಸಾಯವಾಗಿದ್ದು, ಉತ್ತಮ ನೀರಾವರಿ ಸೌಲಭ್ಯವು ರೈತರ ಜೀವನದಲ್ಲಿ ಮಹತ್ವದ ಪಾತ್ರ ವಹಿಸುತ್ತದೆ.’ ಎರಡನೆಯದು: ‘ನಾಲೆಗೆ ನೀರು ಬಿಟ್ಟ ದಿನ ನೀರುಗಂಟಿ ಗುದ್ದಲಿ ಹೆಗಲಿಗಿಟ್ಟು ಬದುವಿನ ಮೇಲೆ ಬಂದರೆ, ನಮ್ಮ ತೂಬು ಯಾವಾಗಣ್ಣ ಎಂದು ಕೇಳುವವರೇ ಎಲ್ಲರೂ. ಕೊನೆಯ ಗದ್ದೆಯವರು ಮಾತ್ರ ಕೇಳುವುದಿಲ್ಲ. ಅವರು ರಾತ್ರಿ ಬ್ಯಾಟರಿ ಹಿಡಿದು ತಾವೇ ಹೋಗುತ್ತಾರೆ.’

ಮೊದಲನೆಯದರಲ್ಲಿ ವ್ಯಾಕರಣದೋಷವಿಲ್ಲ, ಕೆಂಪು ಶಾಯಿಗೆ ಕೆಲಸವಿಲ್ಲ. ಆದರೆ ಊರಿನ ಹೆಸರನ್ನು ತೆಗೆದು ಮದ್ದೂರೆಂದೋ ಗಂಗಾವತಿಯೆಂದೋ ಇಟ್ಟರೂ ಅದಕ್ಕೆ ನೋವಾಗುವುದಿಲ್ಲ. ‘ಮಹತ್ವದ ಪಾತ್ರ ವಹಿಸು’ವುದೂ ಇಂಗ್ಲಿಷಿನ ರಂಗಸ್ಥಳದಿಂದ ಇಳಿದು ಬಂದ ಮಾತು, ಕಪಿಲೆಯ ನೀರು ಯಾವ ಪಾತ್ರವನ್ನೂ ವಹಿಸುವುದಿಲ್ಲ, ಗದ್ದೆಗೆ ಹಾಯುತ್ತದೆ, ಇಲ್ಲವೆ ಹಾಯುವುದಿಲ್ಲ. ಎರಡನೆಯದರಲ್ಲಿ ‘ಎಲ್ಲರೂ’ ಎಂದು ಹೇಳಿ ಒಡನೆಯೇ ಕೆಲವರನ್ನು ಬಿಟ್ಟಿರುವ ಸಡಿಲುತನವಿದೆ. ಪರೀಕ್ಷಕನು ಅರ್ಧ ಅಂಕ ಕಳೆದಾನು. ಆದರೆ ಹುಲ್ಲಹಳ್ಳಿ ಅಣೆಕಟ್ಟೆಯ ನಾಲೆಯ ಬಯಲಿನಲ್ಲಿ ಇರುವವರಿಗೆ ಗೊತ್ತಿರುವ ಒಂದು ಸತ್ಯ ಅಲ್ಲಿದೆ: ನಾಲೆಯ ತಲೆಯಲ್ಲಿರುವವನಿಗೂ ಬಾಲದಲ್ಲಿರುವವನಿಗೂ ನೀರು ಒಂದೇ ಅಲ್ಲ. ಮೊದಲನೆಯ ಬರೆಹವು ‘ಉತ್ತಮ ಸೌಲಭ್ಯ’ವೆಂಬ ಎರಡು ಪದಗಳಿಂದ ಈ ಸತ್ಯವನ್ನೇ ಮುಚ್ಚಿಬಿಟ್ಟಿತು. ಸವೆದ ಮಾತಿನ ಅಪಾಯವು ಬರಿಯ ರುಚಿಯ ಪ್ರಶ್ನೆಯಲ್ಲವೆಂಬುದನ್ನು ಇಲ್ಲಿ ನೋಡಬಹುದು. ಅದು ಕೊನೆಯ ಗದ್ದೆಯವನನ್ನು ಕಾಣದಂತೆ ಮಾಡುವುದು.

ಯಂತ್ರಕ್ಕೆ ನೀರುಗಂಟಿಯ ವಿಚಾರವನ್ನು ತಿಳಿಸಿದರೆ ಅದೂ ಎರಡನೆಯ ಬಗೆಯಲ್ಲಿ ಬರೆದೀತಲ್ಲ ಎಂದು ಕೆಲವರು ಆಕ್ಷೇಪಿಸಬಹುದು. ಬರೆದೀತು, ಆದರೆ ನೀರುಗಂಟಿಯನ್ನು ಬಲ್ಲವನು ಮಾತ್ರ ಯಂತ್ರಕ್ಕೆ ನೀರುಗಂಟಿಯ ವಿಚಾರವನ್ನು ಹೇಳಬಲ್ಲನು. ಕೇಳುವವನಲ್ಲಿ ಇರಬೇಕಾದ ಆ ಅರಿವು ಯಂತ್ರವನ್ನು ಮುಟ್ಟುವುದಕ್ಕೆ ಮೊದಲೇ ಆಗಬೇಕಾದ ಸಂಪಾದನೆ. ಸವೆದ ಪ್ರಬಂಧಗಳನ್ನು ಯಂತ್ರವೇ ಹುಟ್ಟಿಸಿತೆಂದು ಹೇಳುವುದೂ ಅನ್ಯಾಯ. ‘ಪ್ರಕೃತಿ ಸೌಂದರ್ಯದಿಂದ ಕಂಗೊಳಿಸುವ’ ಊರುಗಳು ಗೈಡುಗಳಲ್ಲಿಯೂ ಭಾಷಣಗಳಲ್ಲಿಯೂ ಬಹುಕಾಲದಿಂದ ಕಂಗೊಳಿಸುತ್ತಲೇ ಇವೆ. ನಾವು ರಾಶಿಹಾಕಿದುದನ್ನು ಯಂತ್ರವು ನಮಗೇ ಅಳೆದು ಕೊಡುತ್ತಿದೆ.

ಈ ಸೀಮೆಯ ಸಾಹಿತ್ಯವೇ ಇದಕ್ಕೊಂದು ದೊಡ್ಡ ಸಾಕ್ಷಿಯನ್ನು ಒದಗಿಸಿದೆ. ನಂಜನಗೂಡು ತಾಲ್ಲೂಕಿನ ದೇವನೂರಿನವರಾದ ದೇವನೂರ ಮಹಾದೇವರ ‘ಕುಸುಮಬಾಲೆ’ಯೇ ಆ ಸಾಕ್ಷಿ. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಸಂದಿತು. ಆ ಕೃತಿಯ ಬಲವು ಈ ನೆಲದ ಆಡುನುಡಿಯಲ್ಲಿದೆ. ಬೇರೆ ಸೀಮೆಯ ಕನ್ನಡಿಗರು ಅದನ್ನು ನಿಧಾನವಾಗಿ, ಗಟ್ಟಿಯಾಗಿ ಓದಿಕೊಂಡು ಒಳಹೊಗಬೇಕಾಗುವುದು. ಅದರ ಒಂದು ಪುಟವನ್ನು ಕಾಗುಣಿತ ತಿದ್ದುವ ತಂತ್ರಾಂಶಕ್ಕೆ ಒಪ್ಪಿಸಿದರೆ ಸಾಲುಸಾಲಿನ ಅಡಿಯಲ್ಲೂ ಕೆಂಪುಗೆರೆ ಬಿದ್ದೀತು. ಆ ಗೆರೆಗಳೆಲ್ಲವನ್ನೂ ಒಪ್ಪಿ ತಿದ್ದಿಕೊಂಡಿದ್ದರೆ ಕನ್ನಡಕ್ಕೆ ಒಂದು ಶುದ್ಧವಾದ ಪುಸ್ತಕ ಹೆಚ್ಚಾಗುತ್ತಿತ್ತು, ‘ಕುಸುಮಬಾಲೆ’ ಇಲ್ಲವಾಗುತ್ತಿತ್ತು. ಇಂದು ಈ ಸೀಮೆಯಲ್ಲಿ ಬರೆಯಲು ತೊಡಗಿರುವ ಹದಿನೆಂಟು ವರ್ಷದವನಿಗೆ ಆ ಕೆಂಪುಗೆರೆಯು ಮೊದಲ ದಿನದಿಂದಲೇ ಗುರುವಾಗಿ ಕುಳಿತಿದೆ. ತನ್ನ ತಾಯಿಯ ಮಾತು ತಪ್ಪೆಂದು ಅದು ಸದ್ದಿಲ್ಲದೆ ಹೇಳುತ್ತಿರುವಾಗ, ತಪ್ಪಲ್ಲವೆಂದು ಹೇಳುವ ಮತ್ತೊಬ್ಬ ಗುರು ಅವನಿಗೆ ಬೇಡವೆ?

ಹಾಗೆಂದು ಉಪಕರಣಗಳನ್ನು ಕಿತ್ತಿಡುವುದು ಪರಿಹಾರವಲ್ಲ. ವಿದ್ಯಾರ್ಥಿಯ ಪ್ರಯೋಗಬುದ್ಧಿಯನ್ನು ಸರಿಯಾದ ಕಡೆಗೆ ತಿರುಗಿಸಿದರೆ ಅವೇ ದೊಡ್ಡ ನೆರವಾಗುವುವು. ವಿ. ಕೃಷ್ಣ ಅವರು ಸುಮಾರು ನಾಲ್ಕು ದಶಕಗಳ ಕಾಲ ಒಬ್ಬರೇ ಕುಳಿತು ಸಿದ್ಧಪಡಿಸಿದ ‘ಅಲರ್’ ಕನ್ನಡ–ಇಂಗ್ಲಿಷ್ ನಿಘಂಟು 2019ರಿಂದ ಎಲ್ಲರಿಗೂ ಉಚಿತವಾಗಿ ದೊರೆಯುತ್ತಿದೆ. ಒಂದೂವರೆ ಲಕ್ಷದಷ್ಟು ಪದಗಳ ಆ ಭಂಡಾರವು ಮೊಬೈಲಿನಲ್ಲಿಯೇ ತೆರೆಯುವುದು. ಸವೆದ ಮಾತಿಗೆ ಬದಲಾಗಿ ತಕ್ಕ ಮಾತನ್ನು ಹುಡುಕುವ ವಿದ್ಯಾರ್ಥಿಗೆ ಇದಕ್ಕಿಂತ ಹೆಚ್ಚಿನ ಸೌಕರ್ಯ ಹಿಂದೆ ಯಾರಿಗೆ ಇತ್ತು? ಅಜ್ಜಿಯ ಕತೆಯನ್ನು ಧ್ವನಿಯಲ್ಲಿ ಹಿಡಿದಿಟ್ಟು, ಅವಳು ಆಡಿದಂತೆಯೇ ಅಕ್ಷರಕ್ಕೆ ಇಳಿಸುವುದು ಮತ್ತೊಂದು ಪ್ರಯೋಗ. ಯಂತ್ರವು ಅವಳ ಮಾತನ್ನು ಕೇಳಿ ಬರೆದುದನ್ನೂ ವಿದ್ಯಾರ್ಥಿ ತಾನೇ ಕೇಳಿ ಬರೆದುದನ್ನೂ ಎದುರೆದುರು ಇಟ್ಟು ನೋಡಿದರೆ, ಯಂತ್ರ ಎಡವಿದ ಒಂದೊಂದು ಸ್ಥಳವೂ ನಮ್ಮ ನುಡಿಯಲ್ಲಿ ಇನ್ನೂ ಬರೆಹಕ್ಕೆ ಬಾರದಿರುವ ಸಂಪತ್ತಿನ ಗುರುತಾಗುವುದು. ನೀರುಗಂಟಿ, ತೂಬು, ಬದು ಮುಂತಾದ ಕಸುಬಿನ ಮಾತುಗಳನ್ನು ಅರ್ಥಸಹಿತವಾಗಿ ಸಂಗ್ರಹಿಸಿ ವಿಕಿಪೀಡಿಯದ ಸೋದರಿಯಾದ ವಿಕ್ಷನರಿಯಲ್ಲಿ ಸೇರಿಸಿದರೆ, ನಾಳೆಯ ರಾಶಿಗೆ ಹುಲ್ಲಹಳ್ಳಿಯಿಂದಲೂ ಒಂದು ಹೊರೆ ಸಂದಂತಾಗುವುದು.

ಇಂಥ ಬರೆಹವನ್ನು ಬೆಲೆಕಟ್ಟುವ ಅಧ್ಯಾಪಕರಿಗೂ ಮನೆಯ ಹಿರಿಯರಿಗೂ ಮೂರು ಪ್ರಶ್ನೆಗಳು ಸಾಕೆಂದು ತೋರುವುದು. ಈ ಬರೆಹವು ಬೇರೊಂದು ಊರಿಗೆ, ಬೇರೊಬ್ಬ ಬರೆಗಾರನಿಗೆ ಹೊಂದುವುದೆ? ಹೊಂದುವುದಾದರೆ ಅದು ಇನ್ನೂ ಅವನದಾಗಿಲ್ಲ. ಯಂತ್ರದ ಸೂಚನೆಯಲ್ಲಿ ಅವನು ಒಪ್ಪಿದುದು ಯಾವುದು, ಬಿಟ್ಟುದು ಯಾವುದು, ಏಕೆ? ಇದಕ್ಕಾಗಿ ಮೊದಲ ಕರಡನ್ನೂ ಕೊನೆಯ ಪ್ರತಿಯನ್ನೂ ಜೊತೆಯಾಗಿ ತರಹೇಳಬೇಕು. ಅಂಕವನ್ನು ಎರಡರ ನಡುವಣ ವಿವೇಚನೆಗೆ ಕೊಡಬೇಕು. ಕಡೆಯದಾಗಿ, ಅವನು ಬರೆದುದನ್ನು ಅದು ಯಾರ ವಿಷಯವೋ ಅವರಿಗೆ ಓದಿಹೇಳಿದರೆ ಅವರು ಹೌದೆಂದು ತಲೆದೂಗುವರೆ? ನೀರುಗಂಟಿಯು ನಕ್ಕುಬಿಟ್ಟರೆ ಪ್ರಬಂಧವನ್ನು ಮತ್ತೆ ಬರೆಯಬೇಕು.

ಸೀಸದ ಮೊಳೆಯಿಂದ ಮೊಬೈಲಿನವರೆಗೆ ಕನ್ನಡವು ಬಂದ ಎಲ್ಲ ಉಪಕರಣಗಳನ್ನೂ ತನ್ನದಾಗಿ ಮಾಡಿಕೊಂಡಿದೆ, ಇದನ್ನೂ ಮಾಡಿಕೊಳ್ಳುವುದು. ಆದರೆ ಹಿಂದಿನವು ಕೈಯ ಶ್ರಮವನ್ನು ಮಾತ್ರ ಕಡಮೆಮಾಡಿದುವು. ಇದು ಆರಿಸುವ ಶ್ರಮವನ್ನೇ ತಾನು ವಹಿಸಿಕೊಳ್ಳುವೆನೆನ್ನುತ್ತಿದೆ. ಆ ಶ್ರಮವನ್ನು ಬಿಟ್ಟುಕೊಡದ ವಿದ್ಯಾರ್ಥಿ ಯಾವ ಯಂತ್ರದ ಮುಂದೆ ಕುಳಿತರೂ ಬರೆಗಾರನೇ. ಅಂಥವರು ಕಪಿಲೆಯ ಎರಡು ದಡಗಳಲ್ಲಿಯೂ ಹೆಚ್ಚಲಿ. ಅವರ ಕರಡುಗಳನ್ನು ತಾಳ್ಮೆಯಿಂದ ಓದುವ ಹಿರಿಯರೂ ಹೆಚ್ಚಲಿ.