ಖಾಲಿ ಜಾಗದ ಭಯ

ಹಾಸ್ಟೆಲ್ಲಿನಲ್ಲಿದ್ದಾಗ ಜಾನ್ ಕಾರ್ಪೆಂಟರ್‌ನ ‘ಹ್ಯಾಲೋವೀನ್’ ನೋಡಿ ‘ಇಷ್ಟೇನಾ?’ ಅಂದಿದ್ದೆ. ಯಾರೋ ತಂದ ಸಿಡಿ, ಪುಟ್ಟ ಮಾನಿಟರ್, ಎಡಬಲ ಕತ್ತರಿಸಿ ಹಳೇ ಟೀವಿಯ ಅಳತೆಗೆ ತಂದಿದ್ದ ಚಿತ್ರ. ಮೊನ್ನೆ ಶನಿವಾರ ರಾತ್ರಿ ಅದನ್ನೇ ಬ್ಲೂ-ರೇಯಲ್ಲಿ ಹಾಕ್ಕೊಂಡು ಕೂತೆ. ಚಿತ್ರಕ್ಕೆ 35 ವರ್ಷ ತುಂಬಿದಾಗ ಛಾಯಾಗ್ರಾಹಕ ಡೀನ್ ಕಂಡಿ ಅವರೇ ನಿಗಾ ವಹಿಸಿ ಸಿದ್ಧಪಡಿಸಿದ ಪ್ರತಿ. ಅರ್ಧ ಗಂಟೆ ಆಗೋದ್ರೊಳಗೆ ಎದ್ದು ಹೋಗಿ ಬಾಲ್ಕನಿ ಬಾಗಿಲಿನ ಚಿಲಕ ನೋಡಿ ಬಂದೆ.

1978ರ ಈ ಚಿತ್ರಕ್ಕೆ ಆದ ಖರ್ಚು ಹೆಚ್ಚುಕಡಿಮೆ ಮೂರು ಲಕ್ಷ ಡಾಲರ್. ಕೈಯಲ್ಲಿ ಅಷ್ಟು ಕಡಿಮೆ ದುಡ್ಡಿದ್ದರೂ ಕಾರ್ಪೆಂಟರ್ ಅಗಲವಾದ ಪ್ಯಾನಾವಿಷನ್ ಚೌಕಟ್ಟನ್ನು ಬಿಟ್ಟುಕೊಡಲಿಲ್ಲ. ಅಷ್ಟು ಅಗಲದಲ್ಲಿ ಏನು ತುಂಬ್ತಾನೆ ಅಂದ್ರೆ, ಏನೂ ಇಲ್ಲ! ಒಂದು ಬದಿಗೆ ಲಾರಿ ಅನ್ನೋ ಹುಡುಗಿ. ಉಳಿದದ್ದೆಲ್ಲ ಬೇಲಿ, ಮರ, ಹಗಲು ಹೊತ್ತಿನ ಖಾಲಿ ರಸ್ತೆ. ಕಣ್ಣು ತಾನಾಗೇ ಆ ಖಾಲಿ ಜಾಗದಲ್ಲಿ ಅವನನ್ನ ಹುಡುಕೋಕೆ ಶುರುಮಾಡುತ್ತೆ. ಒಮ್ಮೆ ಒಣಹಾಕಿದ ಬಟ್ಟೆಗಳ ನಡುವೆ ಸುಮ್ಮನೆ ನಿಂತಿರ್ತಾನೆ, ಮತ್ತೆ ನೋಡಿದ್ರೆ ಇರಲ್ಲ. ಕೊನೆಗೆ ಲಾರಿ ಗೋಡೆಗೊರಗಿ ಅಳುವಾಗ, ಪಕ್ಕದ ಬಾಗಿಲಿನ ಕತ್ತಲೊಳಗಿಂದ ಬಿಳಿ ಮುಖವಾಡ ನಿಧಾನಕ್ಕೆ ಮೂಡುತ್ತೆ. ಕತ್ತರಿಸಿದ ಚಿತ್ರದಲ್ಲಿ ಒಂದೋ ಹುಡುಗಿ ಕಾಣಬೇಕು, ಇಲ್ಲಾ ಕತ್ತಲು ಕಾಣಬೇಕು. ನಾವು ಹಾಸ್ಟೆಲ್ಲಿನಲ್ಲಿ ಕಳಕೊಂಡಿದ್ದು ಇದನ್ನೇ.

ರಕ್ತ ಅಂತೂ ನಾನು ನೆನಪಿಟ್ಟುಕೊಂಡಿದ್ದಕ್ಕಿಂತ ಎಷ್ಟೋ ಕಡಿಮೆ. ಕೆಲಸವನ್ನೆಲ್ಲ ಸಂಗೀತ ಮಾಡುತ್ತೆ. ಅದೂ ಕಾರ್ಪೆಂಟರ್‌ನದ್ದೇ, ಐದರ ಲೆಕ್ಕದ್ದು. ಸಂಗೀತದ ಮೇಷ್ಟ್ರಾಗಿದ್ದ ಅಪ್ಪ ಬಾಂಗೋ ಮೇಲೆ ಹೇಳಿಕೊಟ್ಟ ಲಯವಂತೆ.

ಹಾಗಂತ ಎಲ್ಲ ಚೆನ್ನಾಗಿದೆ ಅಂತಲ್ಲ. ಡಾಕ್ಟರ್ ಲೂಮಿಸ್ ಬಾಯಿ ತೆಗೆದಾಗೆಲ್ಲ ‘ಅವನು ಮನುಷ್ಯನೇ ಅಲ್ಲ’ ಅನ್ನೋ ಧಾಟಿಯ ಭಾಷಣ. ಡೊನಾಲ್ಡ್ ಪ್ಲೆಸೆನ್ಸ್ ಅಲ್ಲದೆ ಬೇರೆ ಯಾರಾದ್ರೂ ಆಗಿದ್ರೆ ನಗು ಬರ್ತಿತ್ತು. ಇಲಿನಾಯ್‌ನ ಊರು ಅಂತ ತೋರಿಸಿದ್ದು ಕ್ಯಾಲಿಫೋರ್ನಿಯಾದಲ್ಲಿ. ಹಣ್ಣೆಲೆಗೆ ಬಣ್ಣ ಬಳಿದು ಉದುರಿಸಿದ್ದಾರೆ, ಹಿಂದೆ ತಾಳೆಮರ ಇಣುಕುತ್ತೆ.

ಆದ್ರೆ ಈ ಸಲ ನನ್ನನ್ನ ಹಿಡಿದು ನಿಲ್ಲಿಸಿದ್ದು ಕೊಲೆಗಾರನ ದೃಶ್ಯವೇ ಅಲ್ಲ. ಲಾರಿ ಕಿರುಚಿಕೊಂಡು ಓಡಿಹೋಗಿ ನೆರೆಮನೆಯ ಬಾಗಿಲು ಬಡೀತಾಳೆ. ಜಗಲಿಯ ದೀಪ ಹತ್ತುತ್ತೆ. ಯಾರೋ ಕಿಟಕಿಯಿಂದ ನೋಡ್ತಾರೆ. ದೀಪ ಆರುತ್ತೆ. ಕೆಲವೇ ಸೆಕೆಂಡಿನ ದೃಶ್ಯ, ಹಾಸ್ಟೆಲ್ಲಿನಲ್ಲಿ ನೋಡಿದ ನೆನಪೂ ಇರಲಿಲ್ಲ. ಪಾಸ್ ಮಾಡಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹೋದ ತಿಂಗಳು ರಾತ್ರಿ ಎರಡು ಗಂಟೆಗೆ ಹೆಂಗಸೊಬ್ಬರು ಕೂಗಿದ್ದು ಕೇಳಿಸಿತ್ತು. ನಾನೂ ಲೈಟ್ ಹಾಕಿದ್ದೆ. ಐದು ನಿಮಿಷ ಕಿವಿಗೊಟ್ಟೆ, ಮತ್ತೇನೂ ಕೇಳಿಸಲಿಲ್ಲ, ಆರಿಸಿ ಮಲಗಿದೆ. ಬೆಳಗ್ಗೆ ವಾಟ್ಸ್ಯಾಪ್ ಗ್ರೂಪಿನಲ್ಲಿ ಯಾರೂ ಏನೂ ಬರೆದಿರಲಿಲ್ಲ. ನಾನೂ ಬರೀಲಿಲ್ಲ.

ಚಿತ್ರದ ಕೊನೆಗೆ ಮೆಟ್ಟಿಲು, ಹಜಾರ, ಕತ್ತಲಲ್ಲಿ ನಿಂತ ಮನೆಗಳು, ಎಲ್ಲ ಖಾಲಿ ಖಾಲಿ. ಮೇಲೆ ಬರೀ ಅವನ ಉಸಿರಿನ ಸದ್ದು. ಸಿಡಿಯಲ್ಲಿ ನೋಡಿದಾಗ ಇಷ್ಟು ಹೊತ್ತಿಗೆ ‘ಮುಗೀತು’ ಅಂತ ಎದ್ದು ಮೆಸ್ಸಿಗೆ ಹೋಗಿಬಿಟ್ಟಿದ್ವಿ.