ತಿಂಡಿಯ ತೀರ್ಥಯಾತ್ರೆ: ಒಂದು ವಿಮರ್ಶೆ

ಯಾತ್ರೆಗೆ ಹೊರಡುವವರು ಹಿಂದೆ ಪಂಚಾಂಗ ನೋಡುತ್ತಿದ್ದರು. ಈಗ ಭಾನುವಾರ ಬೆಳಗಿನ ಜಾವ ವೈಯಾಲಿಕಾವಲಿನಿಂದ ಕಾರಿನಲ್ಲಿ ಹೊರಡುವ ಕುಟುಂಬಗಳ ಕೈಯಲ್ಲಿರುವುದು ಹೋಟೆಲುಗಳ ಪಟ್ಟಿ. ಬಿಡದಿಯಲ್ಲಿ ತಟ್ಟೆ ಇಡ್ಲಿ, ಮದ್ದೂರಿನಲ್ಲಿ ವಡೆ, ಮೈಸೂರಿನಲ್ಲಿ ದೋಸೆ. ಕಿರುತೆರೆಯಲ್ಲಿ ಯಾರೋ ಅದನ್ನು ತಿಂದು ಕಣ್ಣರಳಿಸಿದರೆಂಬುದೇ ಪಟ್ಟಿಗೆ ಆಧಾರ. ಹೊರಟ ಮನೆಯಿಂದ ನಡೆದೇ ಹೋಗಬಹುದಾದಷ್ಟು ದೂರದಲ್ಲಿ ಮಲ್ಲೇಶ್ವರದ ಸಿ.ಟಿ.ಆರ್. ಇದೆ, ವೀಣಾ ಸ್ಟೋರ್ಸ್ ಇದೆ. ಆ ಅಂಗಡಿಗಳ ಮುಂದೆ ಅದೇ ಹೊತ್ತಿಗೆ ಬೇರೆ ಬಡಾವಣೆಗಳಿಂದ ಕಾರಿನಲ್ಲಿ ಬಂದವರು ಸರದಿ ಕಾಯುತ್ತಿರುತ್ತಾರೆ. ಒಂದು ಬಡಾವಣೆಯ ಹಸಿವು ಇನ್ನೊಂದು ಬಡಾವಣೆಗೆ ಪ್ರವಾಸ ಹೋಗುವ ಈ ಪದ್ಧತಿಯನ್ನು ರೂಢಿಗೆ ತಂದ ಕಿರುತೆರೆಯ ಕಾರ್ಯಕ್ರಮಗಳು ವಿಮರ್ಶೆಗೆ ಯೋಗ್ಯವಾದ ವಸ್ತು.

ಕನ್ನಡದ ವಾಹಿನಿಗಳಲ್ಲಿ 'ಒಗ್ಗರಣೆ ಡಬ್ಬಿ'ಯಂಥ ಅಡುಗೆ ಕಾರ್ಯಕ್ರಮಗಳು ಗೃಹಿಣಿಯನ್ನು ಒಲೆಯ ಮುಂದೆ ನಿಲ್ಲಿಸಿದವು. ನೋಡಿದ್ದನ್ನು ಮನೆಯಲ್ಲೇ ಮಾಡಿ ಪರೀಕ್ಷಿಸಬಹುದಿತ್ತು. ಎನ್.ಡಿ.ಟಿ.ವಿ. ಗುಡ್ ಟೈಮ್ಸ್ ವಾಹಿನಿಯಲ್ಲಿ ಆರಂಭವಾದ 'ಹೈವೇ ಆನ್ ಮೈ ಪ್ಲೇಟ್' ಬೇರೆ ಜಾತಿಯದು. ರಾಕಿ ಸಿಂಗ್ ಮತ್ತು ಮಯೂರ್ ಶರ್ಮಾ ಎಂಬ ಇಬ್ಬರು ಗೆಳೆಯರು ದೇಶದ ಹೆದ್ದಾರಿಗಳಲ್ಲಿ ಸಂಚರಿಸುತ್ತ, ದಾರಿಬದಿಯ ಢಾಬಾ, ಕ್ಯಾಂಟೀನು, ಹಳೆಯ ಹೋಟೆಲುಗಳಲ್ಲಿ ತಿಂದು ಅಭಿಪ್ರಾಯ ಹೇಳುವುದೇ ಅದರ ಕಥಾವಸ್ತು. ಅಮೆರಿಕದಲ್ಲಿ ಗೈ ಫಿಯರಿ ಕೆಂಪು ಕಾರಿನಲ್ಲಿ ಸುತ್ತುವ 'ಡೈನರ್ಸ್, ಡ್ರೈವ್-ಇನ್ಸ್ ಅಂಡ್ ಡೈವ್ಸ್' ಎಂಬ ಸರಣಿ 2007ರಲ್ಲಿ ಬಂದಿತ್ತು.

ಗುಣವನ್ನು ಮೊದಲು ಹೇಳುವುದು ನ್ಯಾಯ. ಪಂಚತಾರಾ ಹೋಟೆಲುಗಳ ಸುತ್ತಲೇ ಸುತ್ತುತ್ತಿದ್ದ ಆಹಾರ ವಿಮರ್ಶೆಯನ್ನು ಈ ಕಾರ್ಯಕ್ರಮ ಲಾರಿ ಚಾಲಕರ ಮಂಚದ ಬಳಿಗೆ ತಂದಿತು. ಎರಡನೆಯದು ಇನ್ನೂ ಮುಖ್ಯ. ಗೆಳೆಯರಿಬ್ಬರಲ್ಲಿ ಮಯೂರ್ ಸಸ್ಯಾಹಾರಿ, ರಾಕಿ ಮಾಂಸಾಹಾರಿ. ಒಂದೇ ಮೇಜಿನ ಮುಂದೆ ಕೂತು, ಒಬ್ಬರ ತಟ್ಟೆಗೆ ಇನ್ನೊಬ್ಬರು ಕೈಹಾಕದೆ, ಒಬ್ಬರನ್ನೊಬ್ಬರು ಹೀಯಾಳಿಸಿದರೂ ನಗುನಗುತ್ತಲೇ ಪ್ರಯಾಣ ಮುಂದುವರಿಸುತ್ತಾರೆ. ಸಸ್ಯಾಹಾರವೆಂದರೆ ರುಚಿಯ ಬಡತನ ಎಂಬ ಭ್ರಮೆಯನ್ನು ಉಪದೇಶವಿಲ್ಲದೆ ಕಳೆದ ಕೀರ್ತಿ ಇದಕ್ಕೆ ಸಲ್ಲಬೇಕು.

ತೊಡಕು ಇರುವುದು ಮಾಧ್ಯಮದ ಸ್ವಭಾವದಲ್ಲಿ. ರುಚಿ ಪರದೆಯನ್ನು ದಾಟುವುದಿಲ್ಲ, ಘಮವೂ ದಾಟುವುದಿಲ್ಲ. ದಾಟುವುದು ತಿನ್ನುವವನ ಮುಖವೊಂದೇ. ಆದ್ದರಿಂದ ಪ್ರತಿ ಕಂತಿನಲ್ಲೂ ಮುಖ ದೊಡ್ಡದಾಗುತ್ತದೆ, ಉದ್ಗಾರ ಹೆಚ್ಚುತ್ತದೆ. ಈ ವಿಷಯದಲ್ಲಿ ಅಮೆರಿಕದ ಸರಣಿಯೇ ಒಂದು ಕೈ ಮೇಲು. ಅಲ್ಲಿ ನಿರೂಪಕ ಅಡುಗೆಮನೆಗೆ ನುಗ್ಗಿ, ಬಾಣಸಿಗನ ಪಕ್ಕದಲ್ಲಿ ನಿಂತು, ಪದಾರ್ಥ ತಯಾರಾಗುವ ಕ್ರಮವನ್ನು ಕೇಳುತ್ತಾನೆ. ನಮ್ಮ ಗೆಳೆಯರು ಹೆಚ್ಚು ಹೊತ್ತು ಕಳೆಯುವುದು ಮೇಜಿನ ಮುಂದೆ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗಕ್ಕೂ ಉಪಭೋಗಕ್ಕೂ ಭೇದವನ್ನು ಹೇಳಿದ್ದಾರೆ. ಒಮ್ಮೆ ಅನುಭವಿಸಿದೊಡನೆ ಮುಗಿದುಹೋಗುವ ಅನ್ನಪಾನಾದಿಗಳು ಭೋಗ. ಮತ್ತೆ ಮತ್ತೆ ಬಳಸಬಹುದಾದ ವಸ್ತ್ರಾದಿಗಳು ಉಪಭೋಗ. ಕಿರುತೆರೆ ಮಾಡಿದ ಕೆಲಸವನ್ನು ಈ ಭೇದದ ಬೆಳಕಿನಲ್ಲಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ತಿಂದೊಡನೆ ತೀರಬೇಕಾಗಿದ್ದ ದೋಸೆಯನ್ನು ಅದು ಮತ್ತೆ ಮತ್ತೆ ನೋಡುವ ವಸ್ತುವನ್ನಾಗಿಸಿತು. ಹೊಟ್ಟೆಗೆ ಒಂದು ಮಿತಿ ಇದೆ. ಎರಡು ದೋಸೆಯ ಮೇಲೆ ಮೂರನೆಯದನ್ನು ಅದೇ ಬೇಡವೆನ್ನುತ್ತದೆ. ಕಣ್ಣಿಗೆ ಅಂಥ ಮಿತಿ ಇಲ್ಲ. ಮನೆಯಿಂದ ಕಾರನ್ನು ಹೊರಡಿಸುವುದು ಬಹುಮಟ್ಟಿಗೆ ಈ ಕಣ್ಣಿನ ಹಸಿವು. ಅದೇ ಗ್ರಂಥ ಗುಣವ್ರತಗಳಲ್ಲಿ ದಿಗ್ವ್ರತವನ್ನೂ ಭೋಗೋಪಭೋಗ ಪರಿಮಾಣವನ್ನೂ ಹೇಳುತ್ತದೆ: ಸಂಚಾರಕ್ಕೆ ಎಲ್ಲೆ, ಸೇವನೆಗೆ ಅಳತೆ. ಬೆಂಗಳೂರಿನಿಂದ ಮದ್ದೂರಿಗೆ ಸುಮಾರು 80 ಕಿಲೋಮೀಟರು. ಒಂದು ವಡೆಗಾಗಿ ಹೋಗಿ ಬರುವ ಶ್ರಾವಕ ಎರಡು ಎಲ್ಲೆಗಳನ್ನೂ ಒಂದೇ ಬೆಳಗಿನಲ್ಲಿ ದಾಟುತ್ತಾನೆ. ಆ ವಡೆಯಲ್ಲಿ ಧಾರಾಳವಾಗಿ ಈರುಳ್ಳಿ ಇರುತ್ತದೆ ಎಂಬುದು ಬೇರೆ ಮಾತು.

ಇನ್ನು ವ್ಯಾಪಾರದ ಲೆಕ್ಕ. ಕಾರ್ಯಕ್ರಮದಲ್ಲಿ ಹೆಸರು ಬಂದರೆ ಹೋಟೆಲಿಗೆ ಲಾಭವಲ್ಲವೇ ಎಂದು ಕೇಳುವವರು ದೋಸೆಹಿಟ್ಟಿನ ಸ್ವಭಾವವನ್ನು ಮರೆಯುತ್ತಾರೆ. ಬಟ್ಟೆ ಅಂಗಡಿಯಲ್ಲಿ ಗಿರಾಕಿ ಹೆಚ್ಚಿದರೆ ಗೋದಾಮಿನಿಂದ ಇನ್ನೊಂದು ಬೇಲ್ ತರಿಸಬಹುದು. ಇಂದಿನ ದೋಸೆಗೆ ಅಕ್ಕಿ, ಉದ್ದು ನಿನ್ನೆಯೇ ನೆಂದಿರಬೇಕು, ರಾತ್ರಿಯೆಲ್ಲ ಹುದುಗಿರಬೇಕು. ಕಾವಲಿಯ ಮೇಲೆ ಏಕಕಾಲಕ್ಕೆ ಹಿಡಿಯುವ ದೋಸೆಗಳ ಸಂಖ್ಯೆಗೂ ಮಿತಿಯಿದೆ. ಗಿರಾಕಿ ಒಮ್ಮೆಲೇ ಇಮ್ಮಡಿಯಾದಾಗ ಮಾಲೀಕನಿಗೆ ಉಳಿಯುವ ದಾರಿಗಳು ಕೆಲವೇ: ಹಿಟ್ಟು ತೀರಿದೊಡನೆ ಬಾಗಿಲು ಹಾಕುವುದು, ಹುದುಗುವ ಅವಧಿಯನ್ನು ಕದ್ದು ಸೋಡಾ ಬೆರೆಸುವುದು, ಇಲ್ಲವೇ ಸಾಲ ತಂದು ವಿಸ್ತರಿಸುವುದು. ಮೊದಲನೆಯದರಲ್ಲಿ ದಿನವೂ ಬರುತ್ತಿದ್ದ ನಿವೃತ್ತ ಮೇಷ್ಟರಿಗೆ ತಿಂಡಿ ಸಿಗುವುದಿಲ್ಲ. ಎರಡನೆಯದರಲ್ಲಿ ಸಿಕ್ಕ ತಿಂಡಿ ಹಿಂದಿನದಲ್ಲ. ಮೂರನೆಯದರಲ್ಲಿ ಜನರ ಕುತೂಹಲ ತಣ್ಣಗಾದ ಮೇಲೂ ಬಡ್ಡಿ ನಿಲ್ಲುವುದಿಲ್ಲ.

ಹಳೆಯ ಬೆಂಗಳೂರಿನ ಹೆಸರಾಂತ ತಿಂಡಿಮನೆಗಳು ತಮ್ಮ ಮಿತಿಯನ್ನು ತಾವೇ ಹಾಕಿಕೊಂಡು ಬೆಳೆದವು. 1965ರಿಂದ ನಡೆಯುತ್ತಿರುವ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ ಇಷ್ಟರಿಂದಲೇ ಹೆಸರು ಗಳಿಸಿತು. ಅಲ್ಲಿ ಇಡ್ಲಿಯ ಜತೆಗೆ ಚಟ್ನಿ ಮಾತ್ರ, ಸಾಂಬಾರು ಇಲ್ಲ. ವೀಣಾ ಸ್ಟೋರ್ಸ್‌ನಲ್ಲಿ ನಿಂತೇ ತಿನ್ನಬೇಕು. 1943ರಲ್ಲಿ ಗಾಂಧಿ ಬಜಾರಿನಲ್ಲಿ ಆರಂಭವಾದ ವಿದ್ಯಾರ್ಥಿ ಭವನದ ಹೆಸರೇ ಅದರ ಗಿರಾಕಿ ಯಾರಾಗಿದ್ದರೆಂಬುದನ್ನು ಹೇಳುತ್ತದೆ. ಈ ಮನೆಗಳ ರುಚಿ ಹುಟ್ಟಿದ್ದು ದಿನಾ ಬರುವವನ ನಾಲಿಗೆಗೆ ಉತ್ತರ ಹೇಳಬೇಕಾದ ಹೊಣೆಯಿಂದ. ಒಮ್ಮೆ ಬಂದು ಚಿತ್ರ ತೆಗೆದುಕೊಂಡು ಹೋಗುವವನಿಗೆ ನಾಳೆ ಯಾರೂ ಉತ್ತರ ಹೇಳಬೇಕಾಗಿಲ್ಲ.

ದಾರಿಯ ಕಥೆ ಇನ್ನೂ ವಿಚಿತ್ರ. ಮದ್ದೂರು ವಡೆ ರೈಲಿನ ಕೂಸು. ನಿಲ್ದಾಣದಲ್ಲಿ ಗಾಡಿ ನಿಲ್ಲುವ ಕೆಲವೇ ನಿಮಿಷಗಳಲ್ಲಿ ಕೊಂಡು, ಪ್ರಯಾಣದಲ್ಲಿ ಕೈಯಲ್ಲೇ ಹಿಡಿದು ತಿನ್ನಲು ತಕ್ಕಂತೆ ಗರಿಗರಿಯಾಗಿ, ಒಣದಾಗಿ ರೂಪುಗೊಂಡದ್ದು. ಅದನ್ನು ತಿನ್ನಲೆಂದೇ ಯಾರೂ ರೈಲು ಹತ್ತುತ್ತಿರಲಿಲ್ಲ. ಎಲ್ಲಿಗೋ ಹೋಗುವವರಿಗೆ ಅದು ನಡುದಾರಿಯ ಆಸರೆ. ಹಳೆಯ ಮೈಸೂರು ರಸ್ತೆಯ ತಿಂಡಿಮನೆಗಳೂ ಹಾಗೆಯೇ ಬದುಕಿದವು. 'ಹೈವೇ ಆನ್ ಮೈ ಪ್ಲೇಟ್' ನಂಬಿದ್ದೂ ಈ ಆಕಸ್ಮಿಕವನ್ನೇ: ಕಾರು ಹೋಗುತ್ತಿರಬೇಕು, ಹಸಿವಾಗಬೇಕು, ಎದುರಿಗೆ ಒಂದು ಬೋರ್ಡು ಕಾಣಬೇಕು. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಈ ಆಕಸ್ಮಿಕವನ್ನು ಅಳಿಸಿಹಾಕಿತು. ಬಿಡದಿ, ರಾಮನಗರ, ಚನ್ನಪಟ್ಟಣಗಳು ಬೈಪಾಸಿನ ಆಚೆ ಉಳಿದವು. ಮದ್ದೂರನ್ನು ಮೇಲ್ಸೇತುವೆ ದಾಟಿಸಿಬಿಡುತ್ತದೆ. ಈಗ ಇಳಿಯಬೇಕಾದರೆ ಮೊದಲೇ ನಿರ್ಧರಿಸಿ ಇಳಿಯಬೇಕು, ನಿರ್ಧರಿಸಬೇಕಾದರೆ ಹೆಸರು ಮೊದಲೇ ಗೊತ್ತಿರಬೇಕು. ಪಟ್ಟಿಯಲ್ಲಿ ಇದ್ದವರಿಗೆ ಅಷ್ಟಿಷ್ಟು ವ್ಯಾಪಾರ ಉಳಿದೀತು. ಪಕ್ಕದಲ್ಲೇ ಅಷ್ಟೇ ಚೆನ್ನಾಗಿ ಇಡ್ಲಿ ಬೇಯಿಸುತ್ತಿದ್ದವನ ಬೋರ್ಡು ಹಾದುಹೋಗುವವರ ಕಣ್ಣಿಗೇ ಬೀಳುವುದಿಲ್ಲ. ಅಪ್ರಸಿದ್ಧರನ್ನು ಹುಡುಕಲು ಹೊರಟ ಕಾರ್ಯಕ್ರಮವೊಂದರ ಮಾದರಿ ಪ್ರಸಿದ್ಧರ ಪಟ್ಟಿಯಾಗಿ ಗಟ್ಟಿಯಾದದ್ದು ಹೀಗೆ.

ಹೋಟೆಲು ನೋಡಲೆಂದೇ ಮಾಡಿದ ಇನ್ನೊಂದು ಪ್ರವಾಸವನ್ನು ಇಲ್ಲಿ ನೆನೆಯಬೇಕು. 1924ರಲ್ಲಿ ಸ್ಥಾಪನೆಯಾಗಿ ಮುಂದೆ ಎಂ.ಟಿ.ಆರ್. ಎಂದು ಖ್ಯಾತವಾದ ಸಂಸ್ಥೆಯ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿದ್ದರು. ಅವರ ಮನಸ್ಸಿಗೆ ನಾಟಿದ್ದು ಅಲ್ಲಿನ ಹೋಟೆಲುಗಳ ಶುಚಿತ್ವ. ಮರಳಿದ ಮೇಲೆ ಪಾತ್ರೆ, ತಟ್ಟೆ, ಲೋಟಗಳ ಸ್ವಚ್ಛತೆಯ ಕ್ರಮವನ್ನೇ ಬದಲಿಸಿದರು. ಗಿರಾಕಿಗಳು ಅಡುಗೆಮನೆಯನ್ನು ಕಣ್ಣಾರೆ ಕಂಡು ಹೋಗುವ ಏರ್ಪಾಡು ಮಾಡಿದರು. ಪರದೆಯ ಮೇಲೆ ಇಷ್ಟೆಲ್ಲ ತಟ್ಟೆಗಳನ್ನು ತೋರಿಸಿದವರಿಗೆ ಆ ಏರ್ಪಾಡಿನಲ್ಲಿ ಕಲಿಯಬೇಕಾದದ್ದು ಇತ್ತು. ರುಬ್ಬುವವನ ಸಂಬಳವೆಷ್ಟು, ಹೊಗೆಯ ಎದುರು ಎಷ್ಟು ಗಂಟೆ ನಿಲ್ಲುತ್ತಾನೆ, ಜಾಗ ಸ್ವಂತದ್ದೋ ಬಾಡಿಗೆಯದೋ, ಮಾಲೀಕನ ಮಗ ಗಲ್ಲಾದ ಮೇಲೆ ಕೂರಲು ಒಪ್ಪಿದ್ದಾನೋ ಎಂಬ ಪ್ರಶ್ನೆಗಳನ್ನು ತಿನ್ನುವ ಮುಖದ ಸಂಭ್ರಮದಲ್ಲಿ ಯಾರೂ ಕೇಳುವುದಿಲ್ಲ. ವೈಯಾಲಿಕಾವಲಿಗೆ ಸಮೀಪದಲ್ಲೇ, ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ, 1954ರಿಂದ ನಡೆಯುತ್ತಿದ್ದ ನ್ಯೂ ಕೃಷ್ಣ ಭವನಕ್ಕೆ ಹೆಸರಿನ ಕೊರತೆಯೂ ಇರಲಿಲ್ಲ, ಗಿರಾಕಿಗಳ ಕೊರತೆಯೂ ಇರಲಿಲ್ಲ. 2023ರ ಡಿಸೆಂಬರಿನಲ್ಲಿ ಅದು ಬಾಗಿಲು ಮುಚ್ಚಿತು.